ಮೂರನೆಯ ಚಿತ್ರ

ನರಸಿಂಹರಾಜು ಅವರನ್ನು ಮಧುಗಿರಿಯ ಹಳೆಯ ಶಿಷ್ಯರು ಫಿಸಿಕ್ಸ್ ಮೇಷ್ಟ್ರು ಎನ್ನುತ್ತಿದ್ದರು. ಮಿಕ್ಕ ಊರಿಗೆಲ್ಲ ಅವರು ಗ್ರಹದ ಮೇಷ್ಟ್ರು. ಯಾವುದೋ ನಕ್ಷತ್ರದ ಪಕ್ಕದಲ್ಲಿ ಹೊಸ ಗ್ರಹ ಕಂಡವರು ಎಂದು ಪೇಪರಿನಲ್ಲಿ ಅವರ ಫೋಟೋ ಬಂದ ಮಾರನೆಯ ದಿನ, ಬಸ್ ಸ್ಟ್ಯಾಂಡಿನ ಹೂವಿನವನು ಅವರ ಹೆಂಡತಿ ಯಶೋದಳನ್ನು ತಡೆದು ನಿಲ್ಲಿಸಿ ಕೇಳಿದ್ದ: "ಮೇಡಮ್ಮೋರೆ, ನಿಮ್ಮೆಜಮಾನ್ರು ಹಿಡ್ದಿರೋ ಗ್ರಹ ಶನಿ ತರಾನಾ, ಗುರು ತರಾನಾ? ನಮ್ಗೇನಾರ ತೊಂದ್ರೆ ಐತಾ?"

"ಅದಿರೋ ದೂರಕ್ಕೆ ಅದು ಯಾರ ತಂಟೆಗೂ ಬರಲ್ಲ ಬುಡಪ್ಪ," ಎಂದು ನಕ್ಕು ಅವಳು ಕೊರಟಗೆರೆ ಬಸ್ಸು ಹತ್ತಿದ್ದಳು.

ಯಶೋದ ಕೊರಟಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆ ಮಧುಗಿರಿಯಲ್ಲಿ, ಬಂಡೆಬೆಟ್ಟದ ಕೆಳಗೆ. ನರಸಿಂಹರಾಜು ಮೊದಲು ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಆಮೇಲೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಸೇರಿಕೊಂಡರು. ಶನಿವಾರ ಬಂದು ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಮಕ್ಕಳಾಗಲಿಲ್ಲ. ಒಂದೆರಡು ವರ್ಷ ಇಬ್ಬರೂ ಅದಕ್ಕಾಗಿ ನೊಂದು, ಆಮೇಲೆ ಆ ಮಾತನ್ನೇ ಎತ್ತುವುದು ಬಿಟ್ಟರು. ಅವಳು ಶಾಲೆಯ ಮಕ್ಕಳ ಹಳಗನ್ನಡದ ಪಾಠದಲ್ಲಿ ಮುಳುಗಿದಳು. ಅವರು ಆ ಚುಕ್ಕಿಯಲ್ಲಿ ಮುಳುಗಿದರು.

ಚುಕ್ಕಿ ಎಂದರೆ ಚುಕ್ಕಿಯೇ. ಚಿಲಿ ದೇಶದ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ನಡುವೆ ನಕ್ಷತ್ರದ ಬೆಳಕನ್ನು ಮುಚ್ಚಿದ ಕಪ್ಪು ಬಿಲ್ಲೆ, ಅದರ ಪಕ್ಕದಲ್ಲಿ ಒಂದು ಮಂಕು ಬಿಳಿ ಹನಿ. "ಪೆಟ್ರೋಮ್ಯಾಕ್ಸ್ ದೀಪಕ್ಕೆ ಅಂಗೈ ಅಡ್ಡ ಹಿಡಿದು ಪಕ್ಕದಲ್ಲಿ ಯಾರೋ ಸೇದೋ ಬೀಡಿ ಕಿಡಿ ಹುಡುಕಿದ ಹಾಗೆ ಕಣೆ," ಎಂದು ಅವರು ಹೆಂಡತಿಗೆ ವಿವರಿಸಿದ್ದರು. ಆ ನಕ್ಷತ್ರ ಹುಟ್ಟಿ ಒಂದೂವರೆ ಕೋಟಿ ವರ್ಷವಾಗಿತ್ತಷ್ಟೆ. ಸೂರ್ಯನ ವಯಸ್ಸಿನ ಮುಂದೆ ಅದಿನ್ನೂ ತೊಟ್ಟಿಲ ಕೂಸು. ಎಳೆಯ ನಕ್ಷತ್ರದ ಗ್ರಹಗಳಿಗೆ ಹುಟ್ಟಿದ ಕಾವು ಆರಿರುವುದಿಲ್ಲ, ಆ ಕಾವನ್ನೇ ಕ್ಯಾಮೆರಾ ಹಿಡಿಯುತ್ತದೆ. ಆದರೆ ಒಂದು ಚಿತ್ರ ಸಾಲದು. ವರ್ಷಗಳನ್ನು ಬಿಟ್ಟು ಬಿಟ್ಟು ನೋಡಬೇಕು. ಚುಕ್ಕಿ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಅಳೆದು, ಅದು ತನ್ನ ನಕ್ಷತ್ರವನ್ನು ಸುತ್ತುವ ದಾರಿಯನ್ನು ಲೆಕ್ಕದಲ್ಲಿ ಕಟ್ಟಬೇಕು. ಒಂದು ಸುತ್ತಿಗೆ ಐನೂರು ವರ್ಷವೂ ಹಿಡಿಯಬಹುದು. ಮನುಷ್ಯನೊಬ್ಬ ತನ್ನ ಆಯುಸ್ಸಿನಲ್ಲಿ ಕಾಣುವುದು ಉಗುರಿನಷ್ಟು ಬಾಗಿದ ತುಣುಕನ್ನು ಮಾತ್ರ.

ನರಸಿಂಹರಾಜು ಅವರ ಹತ್ತಿರ ಎರಡು ಚಿತ್ರಗಳಿದ್ದವು. ಎರಡರಲ್ಲೂ ಚುಕ್ಕಿ, ಆಕಾಶದಲ್ಲಿ ಮೆಲ್ಲಗೆ ಸರಿಯುವ ತನ್ನ ನಕ್ಷತ್ರದ ಜೊತೆಜೊತೆಗೇ ಸಾಗಿತ್ತು. ಅದರ ಮೇಲೆಯೇ ಪೇಪರಿನ ಸುದ್ದಿ, ಸನ್ಮಾನ, ಶಾಲು ಎಲ್ಲ ಆದದ್ದು. ಮೂರನೆಯ ಚಿತ್ರಕ್ಕೆ ದೂರದರ್ಶಕದ ಸಮಯ ಸಿಗಲು ವರ್ಷಗಳು ಹಿಡಿದವು. ಒಮ್ಮೆ ಸಮಯ ಸಿಕ್ಕಿತು, ಅಲ್ಲಿ ಮೋಡ. ಇನ್ನೊಮ್ಮೆ ಸಿಗುವ ಹೊತ್ತಿಗೆ ಅವರ ಬಲಗೈ ಸೋಲಲು ಶುರುವಾಗಿತ್ತು.

ಮೊದಲು ಚಾಕ್‌ಪೀಸು ಜಾರಿತು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ಬೆಂಗಳೂರಿನ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಗಂಡಹೆಂಡಿರನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಇದು. ಕೈ, ಕಾಲು, ನಾಲಗೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಹಾಗೇ ಇರುತ್ತದೆ. "ಮದ್ದಿಲ್ಲವೇ?" ಎಂದು ಯಶೋದ ಕೇಳಿದಳು. ಡಾಕ್ಟರು ಮೇಜಿನ ಮೇಲಿದ್ದ ಪೆನ್ನನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಇಟ್ಟರು. ನರಸಿಂಹರಾಜು ಸಂಸ್ಥೆಗೆ ರಜೆ ಬರೆದುಕೊಟ್ಟು ಮಧುಗಿರಿಗೆ ಬಂದುಬಿಟ್ಟರು. ಬೆಂಗಳೂರು ಸೇರಿದ ಇಷ್ಟು ವರ್ಷಗಳ ಮೇಲೆ ಗಂಡ ವಾರವಿಡೀ ಮನೆಯಲ್ಲಿರುವುದನ್ನು ಯಶೋದ ಕಂಡದ್ದು ಆಗಲೇ. ಅವಳು ಶಾಲೆಗೆ ಹೋದಾಗ ನೋಡಿಕೊಳ್ಳಲು ಹಿಂದಿನ ಬೀದಿಯ ಮುನಿಯಮ್ಮ ಬರುತ್ತಿದ್ದಳು.

ಬೆಂಗಳೂರಿನಲ್ಲಿ ಅವರ ಕೆಲಸವನ್ನು ಮುಂದುವರಿಸಿದವಳು ತೇಜಸ್ವಿನಿ, ಅವರ ಕೊನೆಯ ಶಿಷ್ಯೆ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನ ಹುಡುಗಿ. ಅವಳಪ್ಪ ಓಬಯ್ಯ ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟರೂ ಕುರಿಮಂದೆಯನ್ನು ಬಿಟ್ಟಿರಲಿಲ್ಲ. ಊರಿಗೆ ಹೋಗುವಾಗ, ಬರುವಾಗ ಅವಳು ಮಧುಗಿರಿಯಲ್ಲಿ ಇಳಿದು ಗುರುಗಳನ್ನು ನೋಡದೆ ಮುಂದೆ ಹೋಗುತ್ತಿರಲಿಲ್ಲ.

ಶಿವರಾತ್ರಿ ಹತ್ತಿರ ಬಂದಿತ್ತು. ಭಾನುವಾರ ಮಧ್ಯಾಹ್ನ ಯಶೋದ ಗಂಡನಿಗೆ ಕುಡಿಸಲು ರಾಗಿ ಅಂಬಲಿ ಕಾಯಿಸುತ್ತಿದ್ದಳು. ಹಿತ್ತಲ ಬಾಗಿಲಿನಿಂದ ತೇಜಸ್ವಿನಿ ಒಳಗೆ ಬಂದು, ಬ್ಯಾಗನ್ನು ಕೆಳಗಿಡದೆ ಹಾಗೇ ಗೋಡೆಗೊರಗಿ ನಿಂತಳು.

"ಏನೇ ಇದು, ಮುಂದಿನ ಬಾಗ್ಲು ಬಿಟ್ಟು ಹಿತ್ತಲಿಂದ ಬರ್ತಿದೀಯ? ಮುಖ ಯಾಕೆ ಹಿಂಗಾಗಿದೆ?"

"ಮೂರನೇ ಚಿತ್ರ ಬಂತು ಮೇಡಂ."

"ಬಂತಾ! ಮತ್ತಿನ್ನೇನು, ಹೋಗಿ ಹೇಳು. ಎಷ್ಟು ತಿಂಗಳಿಂದ ಅದನ್ನೇ ಜಪ ಮಾಡ್ತಿದಾರೆ."

"ಹೇಳೋಕಾಗ್ತಿಲ್ಲ ಮೇಡಂ." ಹುಡುಗಿ ದನಿ ತಗ್ಗಿಸಿದಳು. "ಅದು ಗ್ರಹ ಅಲ್ಲ."

ಯಶೋದ ಒಲೆ ಆರಿಸಿದಳು. ತನಗೆ ಕೇಳಿಸಿದ್ದು ತಪ್ಪಿರಬೇಕು ಎನಿಸಿತು.

"ಗ್ರಹ ಅಲ್ಲ ಅಂದ್ರೆ?"

"ಹಿಂದೆ ಎಲ್ಲೋ ಬೋ ದೂರದಲ್ಲಿರೋ ಬೇರೆ ನಕ್ಷತ್ರ. ಸರ್‌ನ ನಕ್ಷತ್ರಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ." ಅವಳು ಹೇಗೆ ಹೇಳಬೇಕೆಂದು ಹುಡುಕಾಡಿದಳು. "ನಮ್ಮ ನಾಯ್ನ, ನಮ್ಮಪ್ಪ, ಕುರಿ ಹೊಡ್ಕೊಂಡು ಹೋಗ್ತಾ ಇರ್ತಾರಲ್ಲ, ಆಗ ದೂರದಲ್ಲಿ ಒಂದು ಕುರಿ ಅದೇ ದಿಕ್ಕಿಗೆ ನಡೀತಿದ್ರೆ, ನಮ್ದೇ ಹಿಂದುಳಿದಿರ್ಬೇಕು ಅಂದ್ಕೋತೀವಿ. ಇನ್ನಷ್ಟು ದೂರ ಹೋದ್ಮೇಲೆ ಗೊತ್ತಾಗುತ್ತೆ. ನಮ್ಮ ಮಂದೆ ಕೆರೆ ಕಡೆ ತಿರುಗುತ್ತೆ, ಅದು ನೆಟ್ಟಗೆ ಅದರ ಪಾಡಿಗೆ ಹೋಗ್ತಾ ಇರುತ್ತೆ. ಹಂಗಾಗಿದೆ ಮೇಡಂ. ಮೊದಲ್ನೇ ಎರಡು ಚಿತ್ರದಲ್ಲಿ ಜೊತೆಗೇ ನಡೆದ ಹಂಗಿತ್ತು. ಈಗ ಬೇರೆ ಆಗ್ಬಿಟ್ಟಿದೆ."

"ನೀನು ತಪ್ಪು ಮಾಡಿರ್ಬೋದಲ್ಲ?"

"ಮಾಡಿದ್ರೆ ಚೆನ್ನಾಗಿರ್ತಿತ್ತು ಅಂತ ಅಂದ್ಕೊಂಡೇ ತಿರುಗಿ ತಿರುಗಿ ಲೆಕ್ಕ ಹಾಕ್ದೆ."

ಒಳಗಿನ ಕೋಣೆಯಿಂದ ನರಸಿಂಹರಾಜು ಕರೆದರು. ಅವರ ಮಾತು ಆಗಲೇ ತೊದಲಾಗಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವರ ಹಾಗೆ ಕೇಳಿಸುತ್ತಿತ್ತು. "ಯಾರು? ತೇಜುನಾ?"

ಯಶೋದ ಹುಡುಗಿಯ ತೋಳು ಹಿಡಿದುಕೊಂಡಳು. "ಹೇಳಬೇಡ ಕಣೆ."

"ಮೇಡಂ, ಅದು ತಪ್ಪಾಗುತ್ತೆ. ಅವ್ರೇ ನಂಗೆ..."

"ನಂಗೊತ್ತು. ತಪ್ಪೇ. ಅವರಿಗೆ ಚಮಚ ಹಿಡಿಯೋಕಾಗಲ್ಲ, ಮಗ್ಗುಲು ಬದಲಾಯ್ಸೋಕಾಗಲ್ಲ. ಇರೋದು ಇದೊಂದು. ಮೂರನೇ ಚಿತ್ರ ಬರಲಿ, ಬರಲಿ ಅಂತ ಬೆಳಿಗ್ಗೆ ಕಣ್ಣು ಬಿಡ್ತಾರೆ. ಅದನ್ನೂ ಕಿತ್ಕೊಂಡ್ರೆ ಏನುಳಿಯುತ್ತೆ ಹೇಳು? ಇನ್ನೆಷ್ಟು ದಿನ ಇರ್ತಾರೋ. ಇದ್ದಷ್ಟು ದಿನ ಇರ್ಲಿ."

ತೇಜಸ್ವಿನಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ನಿಂತ ಯಶೋದಳಿಗೆ ಕೇಳಿಸಿತು: "ಇನ್ನೂ ಪೂರ್ತಿ ಡೇಟಾ ಕಳಿಸಿಲ್ಲ ಸರ್. ಬಂದ ತಕ್ಷಣ ಹೇಳ್ತೀನಿ." ನರಸಿಂಹರಾಜು, "ಆತುರ ಇಲ್ಲಮ್ಮ," ಎಂದರು. ಆತುರವೆಲ್ಲ ಅವರ ಕಣ್ಣಲ್ಲೇ ಇತ್ತು. ಆ ಸಂಜೆ ಹೊರಡುವಾಗ ಹುಡುಗಿ ಗುರುಗಳ ಮುಖವನ್ನು ಸರಿಯಾಗಿ ನೋಡಲಿಲ್ಲ. ಅಂಗಳದಲ್ಲಿ ಅವಳ ಫೋನು ಬಡಿದುಕೊಂಡಿತು. "ವಸ್ತಾನು ನಾಯ್ನಾ, ಬಸ್ ಎಕ್ತಾ ಉನ್ನಾ," ಎಂದು, ಬಸ್ಸು ಹತ್ತುವುದನ್ನು ತೆಲುಗಿನಲ್ಲಿ ಅಪ್ಪನಿಗೆ ತಿಳಿಸುತ್ತಾ, ತಿರುಗಿ ನೋಡದೆ ಹೋದಳು.

ಅಲ್ಲಿಂದ ಮುಂದಿನ ದಿನಗಳು ಯಶೋದಳ ಬಾಳಿನಲ್ಲೇ ಹಿತವಾದ ದಿನಗಳಾದವು. ಹೀಗಾದೀತೆಂದು ಅವಳು ಎಣಿಸಿರಲಿಲ್ಲ. ಶಾಲೆ ಮುಗಿಸಿ ಬಂದವಳೇ ಗಂಡನ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಅವರು ಮಾತಾಡುತ್ತಿದ್ದರು. ಇಷ್ಟು ವರ್ಷ ಅವರು ಹೇಳಲು ಹೊರಟಾಗಲೆಲ್ಲ ಅವಳಿಗೆ ಸಾರಿಗೆ ಒಗ್ಗರಣೆಯೋ, ತಿದ್ದಬೇಕಾದ ಪರೀಕ್ಷೆಯ ಪೇಪರೋ ಇರುತ್ತಿತ್ತು. ಈಗ ಎಲ್ಲವನ್ನೂ ಬಿಟ್ಟು ಕೇಳಿದಳು. ಅವರ ತೊದಲು ದಿನೇದಿನೇ ಹೆಚ್ಚಿ, ಬೇರೆಯವರಿಗೆ ಅರ್ಥವಾಗದಂತಾಗಿತ್ತು. ನೋಡಲು ಬಂದವರಿಗೆ ಅವಳೇ ಮಾತು ಮಾತಿಗೂ ಬಿಡಿಸಿ ಹೇಳಬೇಕಿತ್ತು. ಗ್ರಹದ ದಾರಿ ಉದ್ದನೆಯ ಮೊಟ್ಟೆಯಂತಿರಬಹುದೆ, ದುಂಡಗಿರಬಹುದೆ. ಅದು ನಮ್ಮ ಕಡೆಗೆ ವಾಲಿದೆಯೆ, ಆ ಕಡೆಗೆ ವಾಲಿದೆಯೆ. ಅದರ ಹೊರಗೆ ಇನ್ನೊಂದು ಗ್ರಹವಿದ್ದರೆ ಇದರ ನಡಿಗೆ ಹೇಗೆ ಏರುಪೇರಾಗುತ್ತದೆ ಎಂದೆಲ್ಲ ಅವರು ಹೇಳುತ್ತಿದ್ದರೆ, ಅವಳು ಇಲ್ಲದ ಗ್ರಹದ ವಿಷಯ ಎಂಬುದನ್ನೇ ಮರೆತು ಪ್ರಶ್ನೆ ಕೇಳುತ್ತಿದ್ದಳು. ಅವರಿಗೆ ಅದರಿಂದಾಗುವ ಸಂತೋಷ ನೋಡಿ ಇನ್ನೊಂದು ಪ್ರಶ್ನೆ ಹುಡುಕುತ್ತಿದ್ದಳು.

ಒಂದು ದಿನ ಕೇಳಿದಳು: "ಪೂರ್ತಿ ಸುತ್ತು ಯಾರೂ ನೋಡೋಕಾಗಲ್ಲ ಅಂದ್ಮೇಲೆ ಇದಕ್ಕೆ ಯಾಕ್ರೀ ಜೀವ ತೇಯ್ದ್ರಿ?"

ಅವರು ಉಸಿರು ಕೂಡಿಸಿಕೊಂಡು, ಒಂದೊಂದೇ ಮಾತು ಎಳೆದು ಹೇಳಿದರು. "ನನ್ನಾದ್ಮೇಲೆ ತೇಜು ನೋಡ್ತಾಳೆ. ಅವಳಾದ್ಮೇಲೆ ಇನ್ಯಾರೋ. ನಾನು ಎರಡು ಚುಕ್ಕಿ ಇಟ್ಟಿದೀನಿ. ಅವು ಸರಿಯಾಗಿದ್ರೆ ಸಾಕು."

ಯಶೋದ ನೀರು ತರುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದಳು. ಆ ಗಳಿಗೆಯಲ್ಲಿ ಹೇಳಿಬಿಡಬೇಕು ಎನಿಸಿತು. ತಂಬಿಗೆ ತೆಗೆದುಕೊಂಡು ಬಾಗಿಲವರೆಗೆ ಬಂದಳು. ಅವರು ಕಿಟಕಿಯಾಚೆ ಬೆಟ್ಟದ ಬಂಡೆಯ ಮೇಲಿನ ಬಿಸಿಲು ನೋಡುತ್ತಾ ನಗುಮುಖದಲ್ಲಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಯೂ ಹಾಗೇ ಅಂದುಕೊಂಡಳು.

ಯುಗಾದಿ ಕಳೆದು ಬಿಸಿಲು ಏರಿದಾಗ ಅವರಿಗೆ ಜ್ವರ ಬಂತು. ಕಫ ಕಟ್ಟಿ ಉಸಿರಾಟ ಕಷ್ಟವಾಗಿ, ತುಮಕೂರಿನ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಸಾಗಿಸಿದರು. ಗಂಟಲಿಗೆ ತೂತು ಮಾಡಿ ಟ್ಯೂಬು ಇಡಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದರು. ಸಿರಾದಿಂದ ಅವರ ಅಣ್ಣ ಗಂಗಾಧರಯ್ಯ ಓಡಿಬಂದಿದ್ದರು. ನರಸಿಂಹರಾಜು ತಾವೇ ಕಣ್ಣು ಮುಚ್ಚಿ ತೆರೆದು ಒಪ್ಪಿಗೆ ಕೊಟ್ಟರು. ಜೀವ ಉಳಿಯಿತು. ದನಿ ಹೋಯಿತು.

ಮನೆಗೆ ಕರೆತಂದ ಮೇಲೆ ಯಶೋದ ದಪ್ಪ ರಟ್ಟಿನ ಮೇಲೆ ವರ್ಣಮಾಲೆಯನ್ನು ಸಾಲುಸಾಲಾಗಿ ಬರೆದಳು. "ಅ ಸಾಲಾ? ಕ ಸಾಲಾ? ಚ ಸಾಲಾ?" ಎಂದು ಅವಳು ಬೆರಳಿಟ್ಟು ಕೇಳುವುದು, ಸರಿಯಾದ ಕಡೆ ಅವರು ಕಣ್ಣು ಮುಚ್ಚುವುದು. ಆಮೇಲೆ ಆ ಸಾಲಿನಲ್ಲಿ ಯಾವ ಅಕ್ಷರ, ಅದಕ್ಕೆ ಯಾವ ಗುಣಿತ. ಒತ್ತಕ್ಷರ ಅವಳೇ ಊಹಿಸಬೇಕು. ಮೊದಲ ದಿನ ಅವರು ಬಹಳ ಹೊತ್ತು ಹಿಡಿದು ಹೇಳಿದ ಮಾತು 'ನೀರು' ಎಂದಲ್ಲ, 'ನೋವು' ಎಂದಲ್ಲ. 'ಡೇಟಾ' ಎಂದು.

"ಬಂದಿಲ್ಲ ರೀ," ಎಂದಳು ಯಶೋದ.

ಅವರು ಕಣ್ಣು ಬೇರೆ ಕಡೆ ಹೊರಳಿಸಿದರು.

ಆ ವಾರ ತೇಜಸ್ವಿನಿ ಫೋನು ಮಾಡಿದಳು. ಹೊರದೇಶದ ಇನ್ನೊಂದು ತಂಡವೂ ಅದೇ ನಕ್ಷತ್ರದ ಚಿತ್ರ ತೆಗೆದಿದೆಯಂತೆ, ಅವರಿಗೂ ವಿಷಯ ತಿಳಿದಿದೆಯಂತೆ, ಮಳೆಗಾಲದ ಹೊತ್ತಿಗೆ ಪ್ರಕಟಿಸುತ್ತಾರಂತೆ. "ಬೇರೆಯವ್ರು ಹೇಳೋಕೆ ಮುಂಚೆ ಸರ್ ತಾವೇ ಹೇಳಿದ್ರೆ ಅದಕ್ಕೊಂದು ಮರ್ಯಾದೆ ಮೇಡಂ. ನಾನು ಬಂದು ಹೇಳ್ತೀನಿ. ಬೈದ್ರೆ ನನ್ನನ್ನೇ ಬೈಲಿ."

"ಬೈಯೋಕೆ ಅವರಿಗೆ ಬಾಯೆಲ್ಲಿದೆ," ಎಂದಳು ಯಶೋದ. ಆಮೇಲೆ, "ನೀನು ಬೇಡ. ನಾನೇ ಹೇಳ್ತೀನಿ," ಎಂದಳು.

ಬೇಸಿಗೆ ರಜೆ. ಮುನಿಯಮ್ಮನನ್ನು ಮನೆಗೆ ಕಳಿಸಿ, ಕಫ ತೆಗೆಯುವ ಯಂತ್ರವನ್ನು ಪಕ್ಕಕ್ಕೆ ಸರಿಸಿ, ಸ್ಟೂಲಿನ ಮೇಲೆ ಕೂತಳು. ತರಗತಿಯಲ್ಲಿ ಎಂಥ ಪದ್ಯವನ್ನಾದರೂ ಬಿಡಿಸಿ ಹೇಳಬಲ್ಲವಳಿಗೆ ಎರಡು ಮಾತು ಕೂಡಿಸಲಾಗಲಿಲ್ಲ. ಕುರಿಮಂದೆಯ ಹೋಲಿಕೆ ನೆನಪಾಯಿತು. ಅದನ್ನು ಹೇಳಿದರೆ ಮಗುವಿಗೆ ಹೇಳಿದ ಹಾಗಾಗುತ್ತದೆ. ಕೊನೆಗೆ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಹೇಳಿದಳು.

"ಮೂರನೇ ಚಿತ್ರ ಬಂದಿದೆ ರೀ. ಅದು ಗ್ರಹ ಅಲ್ವಂತೆ. ಹಿಂದಿರೋ ಬೇರೆ ನಕ್ಷತ್ರವಂತೆ. ತೇಜು ಎಲ್ಲ ರೀತಿ ನೋಡಿದಾಳೆ."

ಅವರು ರೆಪ್ಪೆ ಅಲುಗಿಸದೆ ಅವಳನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಅದನ್ನು ಒರೆಸಿಕೊಳ್ಳಲು ಅವರಿಗೆ ಆಗುವುದಿಲ್ಲ. ಅವಳು ಸೆರಗಿನಿಂದ ಒರೆಸಿದಳು. ಮತ್ತೆ ಇಳಿಯಿತು, ಮತ್ತೆ ಒರೆಸಿದಳು.

ಕಣ್ಣು ತೆರೆದಾಗ ಅವರು ರಟ್ಟಿನ ಕಡೆ ನೋಡಿದರು. ಅವಳು ಎತ್ತಿಕೊಂಡಳು. ಅಕ್ಷರ ಅಕ್ಷರವಾಗಿ ಮಾತು ಕೂಡಿತು. ಯಾ. ವಾ. ಗ.

"ಯಾವಾಗ ಬಂತು ಅಂತಾನಾ?"

ಹೌದು ಎಂದು ಕಣ್ಣು ಮುಚ್ಚಿದರು.

ಮೊನ್ನೆ ಎಂದು ಹೇಳಿಬಿಡಬಹುದಾಗಿತ್ತು. ಆ ಮಾತು ನಾಲಗೆಯ ತುದಿಗೆ ಬಂದೂ ಇತ್ತು. "ಶಿವರಾತ್ರಿಗೆ ಮುಂಚೆ," ಎಂದಳು ಯಶೋದ. "ನಾನೇ ಅವಳಿಗೆ ಹೇಳಬೇಡ ಅಂದೆ. ಅವಳದೇನೂ ತಪ್ಪಿಲ್ಲ."

ಅವರು ಮತ್ತೆ ರಟ್ಟು ನೋಡಿದರು. ಈ ಸಲ ಬಹಳ ಹೊತ್ತು ಹಿಡಿಯಿತು. ಅವಳು ಎರಡು ಸಲ ಸಾಲು ತಪ್ಪಿಸಿ, ಮೊದಲಿನಿಂದ ಶುರುಮಾಡಬೇಕಾಯಿತು. ಕೂಡಿ ಬಂದ ಮಾತು ಇಷ್ಟು: ಆಗ ಮಾತು ಇತ್ತು.

ಅಲ್ಲಿಯವರೆಗೆ ಆ ದಿಕ್ಕಿನಿಂದ ಅವಳು ಯೋಚಿಸಿಯೇ ಇರಲಿಲ್ಲ. ಬಾಯಿದ್ದ ದಿನಗಳಲ್ಲಿ ಈ ಸುದ್ದಿ ಸಿಕ್ಕಿದ್ದರೆ ಅವರು ವಾದಿಸುತ್ತಿದ್ದರು, ತೇಜುವನ್ನು ಕೂರಿಸಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದರು, ಜೊತೆಗಾರರಿಗೆ ತಾವೇ ಫೋನು ಮಾಡುತ್ತಿದ್ದರು, ಕೊನೆಗೆ ಬೈಯುವುದನ್ನಾದರೂ ಮಾಡುತ್ತಿದ್ದರು. ಮಾತಿನ ಕೊನೆಯ ದಿನಗಳನ್ನು ಅವರು ಇಲ್ಲದ ಗ್ರಹದ ದಾರಿಯನ್ನು ಹೆಂಡತಿಗೆ ವರ್ಣಿಸುತ್ತಾ ಕಳೆದಿದ್ದರು. ಅವಳು ಕೂತು ಕೇಳಿದ್ದಳು. ಇನ್ನಷ್ಟು ಹೇಳಿ ಎಂದು ಹುರಿದುಂಬಿಸಿದ್ದಳು.

ಮಾರನೆಯ ದಿನದಿಂದ ಅವರು ರಟ್ಟನ್ನು ನೋಡಲಿಲ್ಲ. ಅವಳು ಎತ್ತಿ ಹಿಡಿದರೆ ಗೋಡೆಯ ಕಡೆ ಕಣ್ಣು ಹೊರಳಿಸಿಬಿಡುತ್ತಿದ್ದರು. ದೇಹದಲ್ಲಿ ಅವರ ಮಾತು ಕೇಳುತ್ತಿದ್ದುದು ಕಣ್ಣೊಂದೇ. ಕೋಪವನ್ನು ಅದರಲ್ಲೇ ತೋರಿಸಬೇಕಿತ್ತು.

"ಏನಾಯ್ತವ್ವ?" ಎಂದು ಮುನಿಯಮ್ಮ ಹಿತ್ತಲಲ್ಲಿ ಕೇಳಿದಳು. "ಮೇಷ್ಟ್ರು ನಿಮ್ ಕಡೀಕೆ ನೋಡಾದೇ ಬುಟ್ಬುಟ್ಟವ್ರೆ?"

"ನಾನೊಂದು ತಪ್ಪು ಮಾಡ್ದೆ ಮುನಿಯಮ್ಮ."

"ಗಂಡಹೆಂಡ್ರು ಅಂದ್ಮ್ಯಾಲೆ ಇದ್ದಿದ್ದೇ. ಸರಿ ಹೋಯ್ತದೆ ಬುಡಿ."

ಯಶೋದ ಅವರ ಬಟ್ಟೆ ಬದಲಾಯಿಸಿದಳು, ಮೈ ಒರೆಸಿದಳು, ಮೂಗಿಗೆ ಹಾಕಿದ್ದ ಟ್ಯೂಬಿನಲ್ಲಿ ಅಂಬಲಿ ಇಳಿಸಿದಳು. ಎಲ್ಲವನ್ನೂ ಗೋಡೆ ನೋಡುತ್ತಿರುವ ಗಂಡನಿಗೇ ಮಾಡಿದಳು. ದಿನಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಗಡ್ಡ ಹೆರೆಯುತ್ತಿದ್ದಾಗ, ಅವರ ಕಣ್ಣು ರಟ್ಟಿನ ಮೇಲೆ ನಿಂತಿತು. 'ತೇಜು ಕರಿ' ಎಂದರು.

ತೇಜಸ್ವಿನಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದಳು. ಬಾಗಿಲಲ್ಲೇ ಕಾಲು ತಡೆದು ನಿಂತವಳನ್ನು ನರಸಿಂಹರಾಜು ಕಣ್ಣಿನಿಂದಲೇ ಹತ್ತಿರ ಕರೆದರು. ಅವಳು ಮೂರು ಚಿತ್ರಗಳನ್ನೂ ತೆರೆದಿಟ್ಟಳು. ನಕ್ಷತ್ರವನ್ನು ಸುತ್ತುವ ಚುಕ್ಕಿ ಎಲ್ಲಿರಬೇಕಿತ್ತು, ಎಲ್ಲಿದೆ ಎಂಬುದನ್ನು ತೋರಿಸಿದಳು. ಇರಬೇಕಿದ್ದ ದಾರಿಗಳೆಲ್ಲ ನೂಲಿನ ಸಿಕ್ಕಿನಂತೆ ಒಂದು ಕಡೆ ಬಾಗಿದ್ದವು. ಚುಕ್ಕಿ ಇನ್ನೊಂದು ಕಡೆ ನೆಟ್ಟಗೆ ಹೊರಟುಹೋಗಿತ್ತು. ಯಶೋದಳಿಗೂ ಕಂಡಿತು. ಯಾರಿಗಾದರೂ ಕಾಣುವಂತಿತ್ತು.

ಅವರು ಪ್ರಶ್ನೆ ಕೇಳತೊಡಗಿದರು. ಒಂದು ಪ್ರಶ್ನೆ ಕೂಡಲು ಒಂದು ಹೊತ್ತೇ ಹಿಡಿಯುತ್ತಿತ್ತು. ಕ್ಯಾಮೆರಾದ ಉತ್ತರ ದಿಕ್ಕನ್ನು ಆಕಾಶದ ಉತ್ತರಕ್ಕೆ ಸರಿಯಾಗಿ ಹೊಂದಿಸಿದ್ದೀಯಾ ಎಂಬುದು ಮೊದಲನೆಯದು. ಹೌದು, ಬೇರೆ ನಕ್ಷತ್ರಗಳ ಗುಂಪಿಗೆ ಹೋಲಿಸಿ ನೋಡಿದೆ ಎಂದಳು. ಚುಕ್ಕಿಯ ಬಣ್ಣ ಏನು ಹೇಳುತ್ತದೆ ಎಂದರು. ದೂರದ ನಕ್ಷತ್ರದ ಬಣ್ಣಕ್ಕೇ ಹೊಂದುತ್ತದೆ ಎಂದಳು. ಇಷ್ಟು ವೇಗವಾಗಿ ಸಾಗುವ ಹಿಂದಿನ ನಕ್ಷತ್ರ ಅಪರೂಪವಲ್ಲವೇ, ಅಂಥದ್ದು ಇಲ್ಲೇ ಹೇಗೆ ಬಂತು ಎಂಬ ಪ್ರಶ್ನೆಗೆ ಮಾತ್ರ ಅವಳಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿಗೆ ಹೋಗಿ, ಮತ್ತೆ ಲೆಕ್ಕ ಹಾಕಿಕೊಂಡು ಬಂದಳು. "ಅಪರೂಪ ಹೌದು ಸರ್. ಆದ್ರೆ ಆಗದೇ ಇರೋದಲ್ಲ. ನಮ್ಮ ಕಣ್ಣಿಗೆ ಬಿತ್ತು ಅಷ್ಟೆ."

ಅವರು ಅವಳನ್ನು ನೋಡಿ ಕಣ್ಣು ಮುಚ್ಚಿದರು. ಒಪ್ಪಿಗೆ.

ಲೇಖನ ಬರೆಯುವುದೆಂದಾಯಿತು. ತೇಜಸ್ವಿನಿ ಬರೆದು ಓದಿ ಹೇಳುವುದು, ಯಶೋದ ರಟ್ಟು ಹಿಡಿಯುವುದು, ಅವರು ತಿದ್ದುವುದು. ಹೆಸರುಗಳ ಸರದಿ ಬಂದಾಗ ಅವರು ಹೇಳಿದರು: 'ನನ್ನದು ಮೊದಲು.'

"ಸರ್, ಇದರಲ್ಲಿ ನಿಮ್ಮ ಹೆಸರು ಮೊದಲು ಹಾಕಿದ್ರೆ ಎಲ್ರೂ..." ಹುಡುಗಿ ಯಶೋದಳ ಕಡೆ ನೋಡಿದಳು.

'ತಪ್ಪು ನನ್ನದು' ಎಂದರು ಅವರು. ಆಮೇಲೆ ಮತ್ತೆ: 'ಮೊದಲು.'

ತೇಜಸ್ವಿನಿ ಲ್ಯಾಪ್‌ಟಾಪಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಯಶೋದ ಅವಳ ಬೆನ್ನು ಸವರಿದಳು. ನರಸಿಂಹರಾಜು ಇಬ್ಬರನ್ನೂ ನೋಡುತ್ತಾ ಮಲಗಿದ್ದರು. ಆ ನೋಟದಲ್ಲಿ ಏನಿತ್ತೆಂದು ಯಶೋದ ಹುಡುಕಿದಳು. ದಣಿವಿತ್ತು. ಮಿಕ್ಕದ್ದು ಅವಳಿಗೆ ಓದಲಾಗಲಿಲ್ಲ.

ಲೇಖನ ಕಳಿಸಿದ ಮೇಲೆ, ಇಬ್ಬರೇ ಇದ್ದಾಗ ಒಂದು ಸಂಜೆ, ಅವಳು ರಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. "ನನ್ನ ಮೇಲೆ ಕೋಪ ಇನ್ನೂ ಇದೆಯಾ ರೀ? ನಿಮಗೆ ನೋವಾಗಬಾರದು ಅಂತ ಮಾಡ್ದೆ. ನಿಮ್ಮ ಹತ್ರ ಕೂತು ಮಾತಾಡೋ ಆಸೇನೂ ಇತ್ತು. ಅದನ್ನೂ ಹೇಳ್ಬಿಡ್ತೀನಿ."

ಅವರು ರಟ್ಟು ನೋಡಿದರು. ಶ ಸಾಲು. ಸು. ಅವಳು ಬೆರಳನ್ನು ಬೇಗ ಬೇಗ ಸರಿಸಿದಳು. ಮತ್ತೆ ಅದೇ ಅಕ್ಷರಕ್ಕೆ ಬಂದು, ಆಮೇಲೆ ತು. ಒತ್ತು ಕೂಡಿಸಿಕೊಂಡು ಓದಿದಳು: ಸುಸ್ತು.

"ಸುಸ್ತಾಯ್ತಾ? ಮಲಗಿ ಹಾಗಾದ್ರೆ," ಎಂದು ಹೊದಿಕೆ ಸರಿಮಾಡಿದಳು. ಆಮೇಲೆ ಆ ಪ್ರಶ್ನೆಯನ್ನು ಕೇಳಲಿಲ್ಲ. ಕೇಳುವ ಧೈರ್ಯ ಬರುವ ಮುಂಚೆ ಆಷಾಢದ ಗಾಳಿ ಶುರುವಾಯಿತು. ಧೂಳು ಬಾರದಂತೆ ಕಿಟಕಿ ಮುಚ್ಚಿಯೇ ಇರಬೇಕಿತ್ತು. ಒಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಳು. ಮುನಿಯಮ್ಮ ಬಚ್ಚಲ ಬಾಗಿಲು ಬಡಿದು, "ಮೇಡಮ್ಮೋರೆ, ಬಿರ್ನೆ ಬನ್ನಿ," ಎಂದಳು. ಒದ್ದೆ ಕೂದಲಲ್ಲೇ ಬಂದು ನೋಡಿದಾಗ ಅವರು ಹೋಗಿದ್ದರು. ಕಣ್ಣು ಅರೆ ತೆರೆದಿತ್ತು. ಯಶೋದ ಅದನ್ನು ಮುಚ್ಚಿದಳು. ಅಳು ಬರಲಿಲ್ಲ. ಗಂಗಾಧರಯ್ಯನವರಿಗೆ, ಶಾಲೆಗೆ, ಸಂಸ್ಥೆಗೆ ಫೋನು ಮಾಡಿದಳು. ತೇಜುವಿಗೆ ಮಾಡುವಾಗ ಮಾತ್ರ ದನಿ ಒಡೆಯಿತು.

ವೈಕುಂಠ ಸಮಾರಾಧನೆ ಕಳೆದ ಮೇಲೆ ಮಧುಗಿರಿಯ ಹಳೆಯ ಶಿಷ್ಯರು ಸೇರಿ ಶ್ರದ್ಧಾಂಜಲಿ ಸಭೆ ಇಟ್ಟರು. ಅಷ್ಟರಲ್ಲಿ ಲೇಖನ ಪ್ರಕಟವಾಗಿತ್ತು. ಊರಿನಲ್ಲಿ ಅದನ್ನು ಓದುವವರು ಯಾರು? ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಗ್ರಹವನ್ನೇ ಹೊಗಳಿದರು. ಈಗ ಪಿಯು ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿರುವ ಚನ್ನಮಲ್ಲಯ್ಯ, "ನಮ್ಮ ಮೇಷ್ಟ್ರು ಹೋದರೂ ಆಕಾಶದಲ್ಲಿ ಅವರ ಗ್ರಹ ಸುತ್ತುತ್ತಲೇ ಇರುತ್ತದೆ," ಎಂದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಎರಡನೆಯ ಸಾಲಿನಲ್ಲಿ ಕೂತಿದ್ದ ತೇಜಸ್ವಿನಿ ತಲೆ ತಗ್ಗಿಸಿದಳು.

ಕೊನೆಯಲ್ಲಿ ಯಶೋದಳನ್ನು ಎರಡು ಮಾತಾಡಲು ಕರೆದರು. ಅವಳು ಕೈ ಮುಗಿದು ಕೂತುಬಿಡಬಹುದಾಗಿತ್ತು. ಎಲ್ಲರೂ ಅದನ್ನೇ ಎಣಿಸಿದ್ದರು.

"ಅದು ಗ್ರಹ ಅಲ್ಲ," ಎಂದಳು. ಮೈಕು ಕಿರ್ರೆಂದಿತು. ಅವಳು ಸ್ವಲ್ಪ ಹಿಂದೆ ಸರಿದು ಮತ್ತೆ ಹೇಳಿದಳು. "ಅದು ಗ್ರಹ ಅಲ್ಲ ಅಂತ ಅವರಿಗೆ ಈ ಬೇಸಿಗೆಯಲ್ಲಿ ಗೊತ್ತಾಯ್ತು. ಅವರೇ ಅದನ್ನು ಬರೆದು ಕಳಿಸಿದ್ದಾರೆ. ಮಾತು ಹೋಗಿತ್ತು, ಕಣ್ಣಲ್ಲಿ ಒಂದೊಂದೇ ಅಕ್ಷರ ತೋರಿಸಿ ಬರೆಸಿದರು. ತಪ್ಪು ನನ್ನದು, ನನ್ನ ಹೆಸರು ಮೊದಲು ಹಾಕಿ ಅಂದರು. ನೀವು ಅವರನ್ನು ನೆನೆಯೋದಾದ್ರೆ ಅದಕ್ಕೆ ನೆನೆಯಿರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚನ್ನಮಲ್ಲಯ್ಯ ವಂದನಾರ್ಪಣೆಗೆ ಕರೆದರು. ಹೊರಗೆ, ಚಪ್ಪಲಿ ಬಿಟ್ಟ ಜಾಗದಲ್ಲಿ, ಗಂಗಾಧರಯ್ಯ ಅವಳನ್ನು ತಡೆದರು. ಅವರ ಮುಖ ಕೆಂಪಾಗಿತ್ತು.

"ಇದೇನು ಮಾಡ್ಬುಟ್ಟೆ ಯಶೋದಮ್ಮ? ಇಡೀ ಜಿಲ್ಲೇಲಿ ಅವನಿಗೊಂದು ಹೆಸ್ರಿತ್ತು. ಸತ್ತೋನ ಹೆಸ್ರುನ್ನ ನಿಂತ್ಕೊಂಡು ಅಳಿಸ್ಬುಟ್ಯಲ್ಲ. ಹೆಂಡ್ತಿಯಾಗಿ ಸುಮ್ಕಿರಕ್ಕಾಗ್ನಿಲ್ವಾ?"

"ಸುಮ್ಮನಿದ್ದು ನೋಡ್ದೆ ಭಾವ," ಎಂದಳು ಯಶೋದ. ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಶಕ್ತಿ ಅವಳಿಗಿರಲಿಲ್ಲ. ಗಂಗಾಧರಯ್ಯ ಟವೆಲ್ಲಿನಿಂದ ಕಣ್ಣೊತ್ತಿಕೊಂಡು, ಮನೆಗೂ ಬಾರದೆ, ಸಿರಾ ಬಸ್ಸಿಗೆ ಹೊರಟುಹೋದರು.

ತೇಜಸ್ವಿನಿಯನ್ನು ಪಾವಗಡದ ಬಸ್ಸಿಗೆ ಹತ್ತಿಸಲು ಯಶೋದ ಜೊತೆಗೆ ನಡೆದಳು. ಇನ್ನೊಂದು ಎಳೆಯ ನಕ್ಷತ್ರದ ಹತ್ತಿರ ಚುಕ್ಕಿಯೊಂದು ಕಂಡಿದೆ, ನೋಡಲು ಸಮಯ ಸಿಕ್ಕಿದೆ ಎಂದು ಹುಡುಗಿ ಅಳುಕುತ್ತಲೇ ಹೇಳಿದಳು. "ಒಳ್ಳೇದಾಯ್ತು. ಚೆನ್ನಾಗಿ ನೋಡು," ಎಂದಳು ಯಶೋದ. ಬಸ್ಸು ಬಂತು. ಹುಡುಗಿ ಅವಳ ಕಾಲಿಗೆ ನಮಸ್ಕರಿಸಿ ಹತ್ತಿದಳು.

ಮನೆಗೆ ಬಂದಾಗ ಮುನಿಯಮ್ಮ ಜಗುಲಿಯ ಮೇಲೆ ಕಾಯುತ್ತಿದ್ದಳು. ಬೀಗದ ಕೈ ಯಶೋದಳ ಕೈಯಲ್ಲೇ ಇತ್ತು. ಬಾಗಿಲು ತೆಗೆಯದೆ ಅವಳು ಮುನಿಯಮ್ಮನ ಪಕ್ಕ ಕೂತಳು.

"ಭಾಷಣ ಎಲ್ಲ ಚೆನ್ನಾಗಾಯ್ತಾ?" ಎಂದಳು ಮುನಿಯಮ್ಮ.

ಯಶೋದ ಹೇಳಹೊರಟಳು. ಚನ್ನಮಲ್ಲಯ್ಯ ಹೀಗೆಂದರು, ಭಾವ ಹೀಗೆಂದರು ಎಂದು ಶುರುಮಾಡಿದಳು. ಇದನ್ನೆಲ್ಲ ಕೇಳಿಸಿಕೊಳ್ಳಬೇಕಾದವರು ಒಳಗಿಲ್ಲ ಎಂಬುದು ಆಗ ತಟ್ಟಿತು. ಮಾತು ಅರ್ಧಕ್ಕೇ ನಿಂತಿತು. ಅವರು ತೀರಿಕೊಂಡ ಬೆಳಿಗ್ಗೆಯಿಂದ ಬಾರದ ಅಳು ಈಗ ಬಂತು. ಬೀದಿಯಲ್ಲಿ ಹೋಗುವವರು ನೋಡುತ್ತಾರೆಂಬುದನ್ನೂ ಲೆಕ್ಕಿಸದೆ ಅತ್ತಳು. ಮುನಿಯಮ್ಮ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.